ಬೀಗದೊಳಗೆ ಉಳಿದ ರಂಗಮಂದಿರ

ಚೆಕ್ ಭಾಷೆಯಲ್ಲಿ ಅರಮನೆಗೂ ಬೀಗಕ್ಕೂ ಒಂದೇ ಪದ: ಜಾಮೆಕ್. ಯುದ್ಧಕಾಲದ ಕೋಟೆಗೆ ಬೇರೆಯದೇ ಹೆಸರು, ಹ್ರಾದ್. ದಕ್ಷಿಣ ಬೊಹೀಮಿಯಾದ ಚೆಸ್ಕಿ ಕ್ರುಮ್ಲೊವ್ ಪಟ್ಟಣದಲ್ಲಿ ಎರಡೂ ಒಂದೇ ಬಂಡೆಯ ಮೇಲೆ ಕೂಡಿಕೊಂಡಿವೆ. ಕೆಳಗೆ ವ್ಲ್ತಾವಾ ನದಿ ಊರನ್ನು ಬಳಸಿಕೊಂಡು ಹರಿಯುತ್ತದೆ. ತಿರುವಿನ ಮಡಿಲಲ್ಲಿ ಕೆಂಪು ಹೆಂಚಿನ ಮನೆಗಳು. 1992ರಲ್ಲಿ ಈ ಹಳೆಯ ಊರು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಪ್ರಾಗ್‌ನಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆಗೆ ಹಿಂದಿರುಗುವವರೇ ಇಲ್ಲಿ ಹೆಚ್ಚು. ಕಂದಕದ ಕರಡಿಗಳನ್ನು ನೋಡುತ್ತಾರೆ, 162 ಮೆಟ್ಟಿಲು ಹತ್ತಿ ಗೋಪುರದಿಂದ ಫೋಟೊ ತೆಗೆಯುತ್ತಾರೆ, ಹೊರಡುತ್ತಾರೆ. 1302ರಿಂದ 300 ವರ್ಷ ಇಲ್ಲಿ ಆಳಿದ ರೋಜ್ಂಬೆರ್ಕ್ ಮನೆತನದ ಐದೆಸಳಿನ ಗುಲಾಬಿ ಲಾಂಛನವೂ ಕಣ್ಣಿಗೆ ಬಿದ್ದೀತು. ಆದರೆ ಐದನೆಯ ಅಂಗಳದವರೆಗೆ ನಡೆಯದೆ ಮರಳಿದರೆ ಕ್ರುಮ್ಲೊವ್‌ನ ನಿಜವಾದ ಅಚ್ಚರಿ ತಪ್ಪಿಹೋಗುತ್ತದೆ. ಅಲ್ಲಿದೆ ಅರಮನೆಯ ಬರೋಕ್ ರಂಗಮಂದಿರ.

1680ರ ದಶಕದ ಆರಂಭದಲ್ಲಿ ಎಗ್ಗೆನ್‌ಬರ್ಗ್ ದೊರೆ ಕಟ್ಟಿಸಿದ ರಂಗಮಂದಿರವಿದು. ಈಗ ಕಾಣುವ ರೂಪ ಬಂದದ್ದು 1765–66ರಲ್ಲಿ, ಯೋಸೆಫ್ ಆಡಮ್ ಶ್ವಾರ್ಜೆನ್‌ಬರ್ಗ್ ಕಾಲದಲ್ಲಿ. ಪರದೆಗಳನ್ನು ಬರೆಯಲು ಕಲಾವಿದರು ವಿಯೆನ್ನಾದಿಂದ ಬಂದರು.

ಮೋಡಿಯೆಲ್ಲ ಇರುವುದು ರಂಗದ ಹಲಗೆಗಳ ಕೆಳಗೆ. ಎರಡೂ ಬದಿಯ ಚಿತ್ರಿಸಿದ ಸೈಡ್ ವಿಂಗ್‌ಗಳನ್ನು ಹೊತ್ತ ಮರದ ಗಾಡಿಗಳು, ಅವುಗಳಿಂದ ಹೊರಟ ಹಗ್ಗಗಳು, ಹಗ್ಗಗಳೆಲ್ಲ ಬಂದು ಸುತ್ತಿಕೊಳ್ಳುವ ಮರದ ದಿಂಡು. ಆಳುಗಳು ದಿಂಡನ್ನು ತಿರುಗಿಸಿದರೆ ಒಂದು ಜೊತೆ ಹಿಂದೆ ಸರಿದು ಇನ್ನೊಂದು ಮುಂದೆ ಬರುತ್ತದೆ. ಮುಂಪರದೆ ಬೀಳುವುದಿಲ್ಲ, ಆಟ ನಿಲ್ಲುವುದಿಲ್ಲ. ನೋಡನೋಡುತ್ತಿದ್ದಂತೆ ಕಾಡಿದ್ದಲ್ಲಿ ಸೆರೆಮನೆ ನಿಂತಿರುತ್ತದೆ. ಕೆಲವೇ ಸೆಕೆಂಡುಗಳ ಕೆಲಸ. ಮಳೆಗೆ, ಗುಡುಗಿಗೆ, ಗಾಳಿಗೆ ಬೇರೆ ಬೇರೆ ಯಂತ್ರಗಳಿವೆ. ಮರದ ಉರುಳೆ ಬಿಗಿದ ಬಟ್ಟೆಗೆ ಉಜ್ಜುತ್ತ ತಿರುಗಿದರೆ ಬಿರುಗಾಳಿ ಬೀಸತೊಡಗುತ್ತದೆ. ವಿದ್ಯುತ್ತಿಲ್ಲದ ಕಾಲದ ಬಡಗಿಯ ಈ ಜಾಣ್ಮೆಗೆ ನಾನಂತೂ ಮನಸಾರೆ ಕೈಮುಗಿಯುತ್ತೇನೆ.

ಯುರೋಪಿನ ಇಂಥ ಎಷ್ಟೋ ರಂಗಮಂದಿರಗಳು ಬೆಂಕಿಗೆ ಹೋದವು. ಮೇಣದಬತ್ತಿ, ಎಣ್ಣೆದೀಪಗಳ ನಡುವೆ ಮರ ಮತ್ತು ಬಟ್ಟೆ. ಹೊತ್ತಿಕೊಳ್ಳಲು ಇನ್ನೇನು ಬೇಕು? ಉಳಿದವನ್ನು ಹೊಸ ಅಭಿರುಚಿಗೆ ತಕ್ಕಂತೆ ಬದಲಿಸಿದರು. ಕ್ರುಮ್ಲೊವ್ ಉಳಿದದ್ದಕ್ಕೆ ಬಳಕೆ ಕುಗ್ಗಿದ್ದೇ ದೊಡ್ಡ ಕಾರಣ. ರಂಗ ಮಾತ್ರವಲ್ಲ, ದೃಶ್ಯಪರದೆಗಳು, ನೂರಾರು ವೇಷಭೂಷಣಗಳು, ದೀಪಗಳು ಒಟ್ಟಿಗೇ ಉಳಿದವು. ಇಷ್ಟು ಇಡಿಯಾಗಿ ಉಳಿದ ಇನ್ನೊಂದನ್ನು ಹೆಸರಿಸಬೇಕೆಂದರೆ ಸ್ವೀಡನ್ನಿನ ಡ್ರಾಟ್‌ನಿಂಗ್‌ಹೋಮ್‌ಗೆ ಹೋಗಬೇಕು.

1966ರಲ್ಲಿ ಜೀರ್ಣೋದ್ಧಾರಕ್ಕೆಂದು ಬಾಗಿಲು ಮುಚ್ಚಿತು. ಪ್ರವಾಸಿಗರಿಗೆ ಮತ್ತೆ ತೆರೆದದ್ದು 1997ರಲ್ಲಿ. ಮೂರು ದಶಕದ ಆ ತಾಳ್ಮೆಯನ್ನು ಮೆಚ್ಚದಿರಲು ಸಾಧ್ಯವಿಲ್ಲ. ಈಗಲೂ ಆಟಗಳು ತೀರಾ ವಿರಳ. ಸಣ್ಣ ಗುಂಪುಗಳನ್ನು ಮಾರ್ಗದರ್ಶಕರೇ ಒಳಗೆ ಕರೆದೊಯ್ಯುತ್ತಾರೆ. ಚಳಿಗಾಲದಲ್ಲಿ ಅದೂ ಇಲ್ಲ. ಹೋಗುವವರು ಟಿಕೆಟನ್ನು ಮುಂಚೆಯೇ ಕಾದಿರಿಸಿ, ಊರಿನಲ್ಲಿ ಒಂದು ರಾತ್ರಿ ಉಳಿಯಿರಿ. ಒಳಗೆ ಹೋದಾಗ ಬಣ್ಣದ ಪರದೆಗಳನ್ನು ಕಣ್ತುಂಬ ನೋಡಿ. ಆಮೇಲೆ ರಂಗದ ಕೆಳಗಿಳಿದು ಆ ಹಗ್ಗಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.