ಕರು ಹಾಕುವ ದಿನಗಳ ಕಾವಲು: ಗಿಡ್ಡ ಹಸುವಿಗೆ ಬೇಕಾದ ವಿಶೇಷ ಎಚ್ಚರ

ನಮ್ಮ ಕರಾವಳಿ ಮತ್ತು ಮಲೆನಾಡಿನ ಹಟ್ಟಿಗಳಲ್ಲಿ ತಲೆತಲಾಂತರದಿಂದ ಇರುವ ಸಣ್ಣ ಗಾತ್ರದ ದನವನ್ನು ಮಲೆನಾಡು ಗಿಡ್ಡ ಎನ್ನುತ್ತಾರೆ. ಊರ ದನವೆಂದೂ, ವರ್ಷಕ್ಕೊಂದು ಕರು ಹಾಕುವುದೆಂಬ ಕಾರಣದಿಂದ ವರ್ಷಗಂಧಿಯೆಂದೂ ಇದನ್ನು ಕರೆಯುವುದುಂಟು. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇದನ್ನು ಪ್ರತ್ಯೇಕ ತಳಿಯಾಗಿ ನೋಂದಾಯಿಸಿದೆ. ಹಸುವಿನ ಎತ್ತರ ಮೂರಡಿಯ ಆಸುಪಾಸು. ತೂಕ ಒಂದು ನೂರು ಕಿಲೋಗ್ರಾಂನ ಆಸುಪಾಸು. ಈ ತಳಿಯ ಹಸು ತನ್ನದೇ ತಳಿಯ ಹೋರಿಯಿಂದ ಗಬ್ಬವಾಗಿದ್ದರೆ ಕರು ಹಾಕುವಾಗ ಮನುಷ್ಯನ ಸಹಾಯವನ್ನು ಬಯಸುವುದೇ ಇಲ್ಲವೆನ್ನಬಹುದು. ಮೇಯಲು ಹೋದ ಗುಡ್ಡೆಯಲ್ಲಿಯೇ ಕರು ಹಾಕಿ, ಸಂಜೆ ಕರುವಿನೊಡನೆ ಹಟ್ಟಿಗೆ ಬಂದ ಹಸುಗಳನ್ನು ಹಿರಿಯರು ಕಂಡಿದ್ದಾರೆ.

ಹಾಗಿರುವಾಗ ಕಾವಲು ಏತಕ್ಕೆ ಎಂಬ ಪ್ರಶ್ನೆ ಏಳುವುದು ಸಹಜ. ಹಾಲಿನ ಆಸೆಯಿಂದ ಗಿಡ್ಡ ಹಸುವಿಗೂ ವಿದೇಶಿ ತಳಿಯ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿಸುವುದು ರೂಢಿಗೆ ಬಂದುದೇ ಇದಕ್ಕೆ ಕಾರಣ. ಗಿಡ್ಡ ತಳಿಯ ಕರು ಹುಟ್ಟುವಾಗ ಹತ್ತು ಕಿಲೋಗ್ರಾಂನ ಆಸುಪಾಸು ತೂಗುತ್ತದೆ. ಶುದ್ಧ ಜೆರ್ಸಿ ಕರು ಸುಮಾರು 25, ಶುದ್ಧ ಹೋಲ್‌ಸ್ಟೀನ್ ಕರು ಸುಮಾರು 40 ಕಿಲೋಗ್ರಾಂ ತೂಗುತ್ತವೆ. ಮಿಶ್ರ ಕರುವಿನ ಗಾತ್ರ ಇವೆರಡರ ನಡುವೆ ಎಲ್ಲಿಯಾದರೂ ನಿಲ್ಲಬಹುದು. ತಾಯಿಯ ಗರ್ಭಕೋಶವು ಕರುವಿನ ಬೆಳವಣಿಗೆಯನ್ನು ಸ್ವಲ್ಪಮಟ್ಟಿಗೆ ಹಿಡಿದಿಡುವುದು ನಿಜ. ಆದರೆ ಸೊಂಟದ ಎಲುಬಿನ ಬಳೆಯು ಗಿಡ್ಡ ಹಸುವಿನದಾಗಿ, ಬರುವ ತಲೆ ಮತ್ತು ಭುಜ ದೊಡ್ಡ ತಳಿಯದಾದರೆ ಏನಾಗುವುದೆಂದು ಹೇಳಬೇಕಾಗಿಲ್ಲ.

ಮಂಗಳೂರಿನ ಬಲ್ಮಠದಂಥ ಪೇಟೆಯ ನಡುವೆಯೂ ಹಳೆಯ ಹೆಂಚಿನ ಮನೆಗಳ ಹಿತ್ತಿಲಿನಲ್ಲಿ ಒಂದೆರಡು ದನ ಕಟ್ಟುವವರು ಇದ್ದರು. ಅಂಥ ಒಂದು ಹಿತ್ತಿಲಿನಲ್ಲಿ ಗಿಡ್ಡ ತಳಿಯ ಕಡಸೊಂದಕ್ಕೆ ಹೋಲ್‌ಸ್ಟೀನ್ ವೀರ್ಯ ಕೊಡಿಸಲಾಗಿತ್ತು. ಸಂಜೆ ನೀರಿನ ಚೀಲ ಕಂಡಿತು. ರಾತ್ರಿಯೆಲ್ಲ ತಿಣುಕಿದರೂ ಎರಡು ಗೊರಸಿಗಿಂತ ಹೆಚ್ಚೇನೂ ಹೊರಬರಲಿಲ್ಲ. ಬೆಳಗ್ಗೆ ನೆರೆಯವರು ನಾಲ್ವರು ಸೇರಿ ಹಗ್ಗ ಕಟ್ಟಿ ಎಳೆದರು. ಕರು ಸತ್ತೇ ಬಂದಿತು. ಕಡಸಿನ ಹಿಂಗಾಲಿನ ನರಗಳು ಸೊಂಟದ ಎಲುಬಿಗೆ ಒತ್ತಿ ಜಖಂಗೊಂಡಿದ್ದರಿಂದ ಅದು ಮತ್ತೆ ಏಳಲಿಲ್ಲ. ಸಂಜೆಯೇ ಪಶುವೈದ್ಯರನ್ನು ಕರೆದಿದ್ದರೆ ಶಸ್ತ್ರಕ್ರಿಯೆಯಿಂದ ಕಡಸನ್ನಾದರೂ ಉಳಿಸಿಕೊಳ್ಳಲು ಸಾಧ್ಯವಿತ್ತು. ಕಾವಲಿನ ಪ್ರಯೋಜನ ಇಷ್ಟೇ: ಕೈಮೀರುವ ಮೊದಲು ತಿಳಿಯಬೇಕು.

ದಿನದ ಲೆಕ್ಕ

ಹಸುವಿನ ಗರ್ಭಾವಧಿ ಸುಮಾರು 280 ದಿನ. ಎಮ್ಮೆಯದು ಸುಮಾರು 310 ದಿನ. ಹಸುವಿಗೆ ಒಂಬತ್ತು ತಿಂಗಳು ಒಂಬತ್ತು ದಿನ, ಎಮ್ಮೆಗೆ ಹತ್ತು ತಿಂಗಳು ಹತ್ತು ದಿನ ಎಂಬ ಹಳೆಯ ಲೆಕ್ಕ ಇದಕ್ಕೆ ಬಹಳ ಹತ್ತಿರವಾಗಿಯೇ ಇದೆ. ಜನವರಿ 10ರಂದು ಗರ್ಭಧಾರಣೆ ಮಾಡಿಸಿದ ಹಸು ಅಕ್ಟೋಬರ್ 20ರ ಸುಮಾರಿಗೆ ಕರು ಹಾಕುತ್ತದೆ. ಒಂದು ವಾರ ಹಿಂದುಮುಂದಾಗಬಹುದು. ಗರ್ಭಧಾರಣೆಯ ದಿನಾಂಕ ಮತ್ತು ಹೋರಿಯ ತಳಿ, ಇವೆರಡನ್ನೂ ಹಟ್ಟಿಯ ಗೋಡೆಯ ಮೇಲಾದರೂ ಬರೆದಿಡಬೇಕು. ಇವು ಗೊತ್ತಿಲ್ಲದೆ ಮಾಡುವ ಕಾವಲು ಬರಿಯ ನಿದ್ದೆಗೇಡು.

ಹಾಲು ಕೊಡುತ್ತಿರುವ ಹಸುವನ್ನು ಕರು ಹಾಕುವ 60 ದಿನ ಮೊದಲು ಬತ್ತಿಸಬೇಕು. ಕರುವಿನ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಕೊನೆಯ ಮೂರು ತಿಂಗಳಿನಲ್ಲಿಯೇ ಬೆಳೆಯುವುದರಿಂದ ಈ ಅವಧಿಯ ಮೇವಿಗೆ ಮಹತ್ವವಿದೆ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಅಧಿಕ ಮಳೆಯಿಂದ ತೊಳೆದುಹೋಗಿ ಆಮ್ಲೀಯವಾಗಿದೆ. ರಂಜಕವೂ ಸುಣ್ಣದ ಅಂಶವೂ ಅದರಲ್ಲಿ ಕಡಮೆ. ಅಲ್ಲಿ ಬೆಳೆದ ಹುಲ್ಲಿನಲ್ಲಿಯೂ ಆ ಕೊರತೆ ಕಾಣುತ್ತದೆ. ಬೈಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ವಸ್ತು ಇದ್ದಷ್ಟು ಸುಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ಬರೀ ಬೈಹುಲ್ಲು ಮತ್ತು ಅಕ್ಕಚ್ಚಿನ ಮೇಲೆ ಗಬ್ಬದ ಹಸುವನ್ನು ಇಡುವುದು ತರವಲ್ಲ. ತೆಂಗಿನ ತೋಟದ ಗಿನಿ ಹುಲ್ಲು, ಬೇಲಿಯ ಗೊಬ್ಬರದ ಗಿಡದ ಸೊಪ್ಪು, ಸ್ವಲ್ಪ ಹಿಂಡಿ ಮತ್ತು ಖನಿಜ ಮಿಶ್ರಣ ಸೇರಿಸಬೇಕು. ಮಿಶ್ರತಳಿ ಹಸುವಿಗೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋಗ್ರಾಂ ಹಿಂಡಿ ಮಿಶ್ರಣ ಕೊಡಬಹುದು. ಗಿಡ್ಡ ಹಸುವಿಗೆ ಅರ್ಧ ಕಿಲೋಗ್ರಾಂ ಸಾಕು. ಅದಕ್ಕಿಂತ ಹೆಚ್ಚಾದರೆ ಕರು ಹೊರಬರುವ ದಾರಿಯಲ್ಲಿಯೇ ಕೊಬ್ಬು ಸೇರಿ ಕಷ್ಟವಾಗುತ್ತದೆ. ಪ್ರೀತಿಯಿಂದ ಹೆಚ್ಚು ತಿನ್ನಿಸುವ ಮನೆಗಳಲ್ಲಿಯೇ ಈ ತೊಂದರೆ ಅಧಿಕ!

ಇಲ್ಲಿ ಒಂದು ಮಾತು. ಹೆಚ್ಚು ಹಾಲು ಕೊಡುವ ಹಸುವಿಗೆ ಸುಣ್ಣದ ಔಷಧಿಯನ್ನು ಕರು ಹಾಕುವ ಮೊದಲೇ ಧಾರಾಳವಾಗಿ ಕುಡಿಸುವ ಅಭ್ಯಾಸ ಕೆಲವೆಡೆ ಇದೆ. ಇದು ತಿರುಗುಬಾಣವಾಗುತ್ತದೆ. ಮೇವಿನಿಂದಲೇ ಸುಣ್ಣ ಯಥೇಚ್ಛ ಸಿಗುತ್ತಿದ್ದರೆ ಹಸುವಿನ ಶರೀರವು ತನ್ನ ಎಲುಬಿನಿಂದ ಸುಣ್ಣ ತೆಗೆಯುವ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಕರು ಹಾಕಿದೊಡನೆ ಗಿಣ್ಣು ಹಾಲಿಗೆ ಒಮ್ಮೆಲೇ ಸುಣ್ಣ ಬೇಕಾದಾಗ ಆ ಕೆಲಸ ಕೂಡಲೇ ಆರಂಭವಾಗದೆ ಹಸು ಹಾಲುಜ್ವರದಿಂದ ಬೀಳುತ್ತದೆ.

ಸಮೀಪಿಸಿದ ಲಕ್ಷಣಗಳು

ಕರು ಹಾಕುವ ಎರಡು ಮೂರು ವಾರ ಮೊದಲು ಕೆಚ್ಚಲು ತುಂಬತೊಡಗುತ್ತದೆ. ಕಡಸಿನಲ್ಲಿ ಇದು ಇನ್ನೂ ಮೊದಲೇ ಕಾಣಬಹುದು. ಯೋನಿಯ ತುಟಿಗಳು ಊದಿ ಸಡಿಲವಾಗುತ್ತವೆ. ದಪ್ಪನೆಯ ಲೋಳೆ ಇಳಿಬೀಳುತ್ತದೆ. ಇವುಗಳಿಂದ ದಿನವನ್ನು ನಿಖರವಾಗಿ ಹೇಳಲಾಗದು. ಹೆಚ್ಚು ನಂಬಬಹುದಾದ ಗುರುತು ಬಾಲದ ಬುಡದಲ್ಲಿದೆ. ಬಾಲದ ಎರಡು ಪಕ್ಕಗಳಲ್ಲಿ ಹಗ್ಗದಂತೆ ಬಿಗಿಯಾಗಿರುವ ಕಟ್ಟುಗಳು ಕೊನೆಯ ಒಂದೆರಡು ದಿನಗಳಲ್ಲಿ ಮೆತ್ತಗಾಗಿ, ಅಲ್ಲಿ ಗುಳಿ ಬೀಳುತ್ತದೆ. ಪ್ರತಿದಿನ ಸಂಜೆ ಅದೇ ಜಾಗವನ್ನು ಬೆರಳಿನಿಂದ ಒತ್ತಿ ನೋಡುವ ಅಭ್ಯಾಸವಿದ್ದವರಿಗೆ ಈ ಬದಲಾವಣೆ ಕೂಡಲೇ ತಿಳಿಯುತ್ತದೆ. ಉಷ್ಣಮಾಪಕವಿದ್ದರೆ ಗುದದ್ವಾರದ ಉಷ್ಣತೆಯನ್ನು ದಿನಾಲೂ ಒಂದೇ ಹೊತ್ತಿಗೆ ನೋಡಬಹುದು. ಸಾಮಾನ್ಯವಾಗಿ 101.5 ಡಿಗ್ರಿ ಫ್ಯಾರನ್‌ಹೀಟ್‌ನ ಸುಮಾರಿಗೆ ಇರುವ ಉಷ್ಣತೆಯು ಕೊನೆಯ ದಿನ ಸುಮಾರು ಒಂದು ಡಿಗ್ರಿಯಷ್ಟು ಇಳಿಯುತ್ತದೆ.

ಕುದುರೆ ಸಾಕುವವರ ಕಾವಲು ಇದಕ್ಕಿಂತ ಕಠಿಣ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನಂಥ ಕಡೆ ಹೆಣ್ಣು ಕುದುರೆ ಹನ್ನೊಂದು ತಿಂಗಳಿಗೆ, ಹೆಚ್ಚಾಗಿ ರಾತ್ರಿಯಲ್ಲಿಯೇ ಮರಿ ಹಾಕುತ್ತದೆ. ಮೊಲೆಯ ತುದಿಯಲ್ಲಿ ಮೇಣದಂಥ ಹನಿ ಕಂಡರೆ ಒಂದೆರಡು ದಿನದ ಮಾತೆಂದು ತಿಳಿಯುತ್ತಾರೆ. ನೀರು ಒಡೆದ ಅರ್ಧ ಗಂಟೆಯೊಳಗೆ ಮರಿ ಹೊರಗಿರಬೇಕು. ತಡವಾದರೆ ಉಳಿಯುವುದು ಅಪರೂಪ. ಹಸು ನಮಗೆ ಗಂಟೆಗಳ ಅವಕಾಶ ಕೊಡುತ್ತದೆ. ಆ ಗಂಟೆಗಳನ್ನು ನಾವು ಸುಮ್ಮನೆ ಕಳೆಯುತ್ತೇವೆ.

ಹಸುವಿನ ರಾತ್ರಿ ಕಾವಲನ್ನು ಕಡಮೆ ಮಾಡುವ ಸುಲಭ ಉಪಾಯವೊಂದು ಕೆನಡಾದ ಮ್ಯಾನಿಟೋಬಾದಿಂದ ಬಂದಿದೆ. ಮುಖ್ಯ ಮೇವನ್ನು ಬೆಳಗ್ಗೆ ಕೊಡದೆ ಸಂಜೆ ಕತ್ತಲಾಗುವ ಹೊತ್ತಿಗೆ ಕೊಟ್ಟರೆ ಬಹುಪಾಲು ಹಸುಗಳು ಹಗಲಿನಲ್ಲಿ ಕರು ಹಾಕುತ್ತವೆ. ನಿರೀಕ್ಷಿತ ದಿನಕ್ಕೆ ಒಂದು ತಿಂಗಳ ಮೊದಲೇ ಇದನ್ನು ಪ್ರಾರಂಭಿಸಬೇಕು. ಖರ್ಚಿಲ್ಲದ ಕ್ರಮವಾದ್ದರಿಂದ ಪ್ರಯತ್ನಿಸಲು ಅಡ್ಡಿಯಿಲ್ಲ.

ಯಾವಾಗ ಕಾಯಬೇಕು, ಯಾವಾಗ ಕರೆಯಬೇಕು

ದಿನ ಹತ್ತಿರವಾದಾಗ ಹಸುವನ್ನು ಗುಡ್ಡೆಗೆ ಬಿಡದೆ, ಹಳೆಯ ಸೊಪ್ಪಿನ ಗೊಬ್ಬರವನ್ನು ತೆಗೆದು ಒಣ ಬೈಹುಲ್ಲು ಹರಡಿದ ಜಾಗದಲ್ಲಿ ಸಡಿಲವಾಗಿ ಬಿಡಬೇಕು. ಗಿಡ್ಡ ಹಸು ಸ್ವಭಾವತಃ ಬೆದರುವ ಪ್ರಾಣಿ. ನೋಡಲು ಬಂದವರ ಗುಂಪು, ನಾಯಿ, ಕಣ್ಣಿಗೆ ಹೊಡೆಯುವ ದೀಪ ಇವುಗಳಿಂದ ಅದು ನೋವನ್ನು ತಡೆದುಕೊಂಡು ನಿಲ್ಲುತ್ತದೆ. ದೂರದಿಂದ ಒಬ್ಬರೇ ನೋಡುವುದು ಲೇಸು.

ಮೊದಲ ಹಂತದಲ್ಲಿ ಹಸು ಮೇವು ಬಿಟ್ಟು, ಎದ್ದು ಕುಳಿತು ಮಾಡುತ್ತದೆ. ಇದು ಎರಡರಿಂದ ಆರು ಗಂಟೆ, ಕಡಸಿನಲ್ಲಿ ಇನ್ನೂ ಹೆಚ್ಚು ಹೊತ್ತು ನಡೆಯಬಹುದು. ಆಗ ಕೈಹಾಕಬಾರದು. ನೀರಿನ ಚೀಲ ಕಂಡ ಗಳಿಗೆಯಿಂದ ಗಡಿಯಾರ ನೋಡಬೇಕು. ಹಸು ಒಂದು ಗಂಟೆಯಲ್ಲಿ, ಕಡಸು ಎರಡು ಗಂಟೆಯಲ್ಲಿ ಕರು ಹಾಕದಿದ್ದರೆ, ಅಥವಾ ಅರ್ಧ ಗಂಟೆ ಬಲವಾಗಿ ತಿಣುಕಿಯೂ ಏನೂ ಮುಂದುವರಿಯದಿದ್ದರೆ ಪಶುವೈದ್ಯರನ್ನು ಕರೆಯಬೇಕು. ಪಶು ಸಂಚಾರಿ ಚಿಕಿತ್ಸಾಲಯಕ್ಕೆ 1962 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಗಿಡ್ಡ ಕಡಸಿಗೆ ದೊಡ್ಡ ತಳಿಯ ವೀರ್ಯ ಕೊಡಿಸಿದ್ದರೆ ಈ ಅವಧಿಯನ್ನೂ ಕಾಯದೆ, ನೀರಿನ ಚೀಲ ಕಂಡಾಗಲೇ ತಿಳಿಸಿಡುವುದು ಒಳ್ಳೆಯದು.

ಸರಿಯಾದ ಕ್ರಮದಲ್ಲಿ ಎರಡು ಮುಂಗಾಲುಗಳ ಗೊರಸುಗಳು ಅಡಿಭಾಗ ಕೆಳಮುಖವಾಗಿ ಬಂದು, ಅವುಗಳ ಮೇಲೆ ಮೂತಿ ಇರುತ್ತದೆ. ಅಡಿಭಾಗ ಮೇಲ್ಮುಖವಾಗಿದ್ದರೆ ಅವು ಸಾಮಾನ್ಯವಾಗಿ ಹಿಂಗಾಲುಗಳು. ಒಂದೇ ಕಾಲು, ಕಾಲಿಲ್ಲದೆ ತಲೆ ಮಾತ್ರ, ಅಥವಾ ಬಾಲ ಮಾತ್ರ ಕಂಡರೆ ಎಳೆಯಲೇಕೂಡದು. ಕ್ರಮ ಸರಿಯಿದ್ದು ಸ್ವಲ್ಪ ಸಹಾಯ ಬೇಕಾದಾಗ, ಉಗುರು ಕತ್ತರಿಸಿ ಸಾಬೂನಿನಿಂದ ಕೈ ತೊಳೆದು, ಹಸು ತಿಣುಕಿದಾಗ ಮಾತ್ರ ಎಳೆಯಬೇಕು. ಹಸು ಬಿಟ್ಟಾಗ ನಾವೂ ಬಿಡಬೇಕು. ತಲೆ ಹೊರಬಂದ ನಂತರ ಎಳೆತ ಹಿಂಗಾಲಿನ ಕಡೆಗೆ, ಕೆಳಮುಖವಾಗಿರಲಿ. ಇಬ್ಬರ ಬಲಕ್ಕೆ ಬಾರದ ಕರು ನಾಲ್ವರ ಬಲಕ್ಕೆ ಜೀವಂತ ಬರುವುದು ವಿರಳ.

ಕರು ಬಿದ್ದ ನಂತರ

ಮೂಗು ಬಾಯಿಗಳ ಲೋಳೆ ತೆಗೆದು, ಉಸಿರಾಡದಿದ್ದರೆ ಹುಲ್ಲುಕಡ್ಡಿಯಿಂದ ಮೂಗಿನ ಹೊಳ್ಳೆ ಕೆದಕಬೇಕು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಬೇಕು. ಉಳಿದ ಕೆಲಸವನ್ನು ತಾಯಿಯೇ ನೆಕ್ಕಿ ಮಾಡುತ್ತದೆ.

ಮಾಸು ಬೀಳುವವರೆಗೆ ಗಿಣ್ಣು ಹಾಲು ಕುಡಿಸಬಾರದೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಇದರಿಂದ ಸತ್ತ ಕರುಗಳಿಗೆ ಲೆಕ್ಕವಿಟ್ಟವರಿಲ್ಲ. ಕರು ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟುತ್ತದೆ. ಅದು ಗಿಣ್ಣು ಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಗಂಟೆಗಂಟೆಗೂ ಕುಗ್ಗುತ್ತಾ ಒಂದು ದಿನದೊಳಗೆ ಮುಗಿದುಹೋಗುತ್ತದೆ. ಎರಡು ಗಂಟೆಯೊಳಗೆ ಮೊದಲ ಸಲ ಕುಡಿಸಿ, ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟಾದರೂ ಹೊಟ್ಟೆಗೆ ಸೇರುವಂತೆ ನೋಡಬೇಕು. ಕರು ಮೊಲೆ ಚೀಪಿದರೆ ಗರ್ಭಕೋಶ ಕುಗ್ಗಿ ಮಾಸು ಬೀಳುವುದಕ್ಕೂ ಸಹಾಯವಾಗುತ್ತದೆ.

ಮಾಸು ಸಾಮಾನ್ಯವಾಗಿ ಎಂಟು ಹನ್ನೆರಡು ಗಂಟೆಗಳಲ್ಲಿ ಬೀಳುತ್ತದೆ. ಬೀಳದಿದ್ದರೆ ಅದಕ್ಕೆ ಕಲ್ಲು ಕಟ್ಟುವುದಾಗಲಿ, ಎಳೆಯುವುದಾಗಲಿ ಸಲ್ಲದು, ವೈದ್ಯರಿಗೆ ತೋರಿಸಬೇಕು. ಬಿದ್ದ ಮಾಸನ್ನು ಬರಿಗೈಯಿಂದ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಕಂದು ಹಾಕುವ ಬ್ರುಸೆಲ್ಲಾ ರೋಗವು ಇದರಿಂದ ಮನುಷ್ಯನಿಗೂ ಅಂಟುತ್ತದೆ. ಮೊದಲ ಮೂರು ದಿನ ಹಸುವಿನ ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕಕ್ಕೆ ತಿರುಗಿಸಿ ಮಲಗಿದ್ದರೆ ಹಾಲುಜ್ವರವೆಂದು ತಿಳಿದು, ತಡಮಾಡದೆ ವೈದ್ಯರಿಂದ ಸುಣ್ಣದ ಚುಚ್ಚುಮದ್ದು ಕೊಡಿಸಬೇಕು.

ಕರು ಹಾಕಿದ 60 ದಿನಗಳ ನಂತರ ಕಾಣುವ ಬೆದೆಗೆ ಮತ್ತೆ ಗರ್ಭಧಾರಣೆ ಮಾಡಿಸಬಹುದು. ಗಿಡ್ಡ ಕಡಸಿಗೆ ಮೊದಲ ಸಲ ಗಿಡ್ಡ ಹೋರಿಯೇ ಆಗಲಿ. ಮುಂದಿನ ಸೂಲುಗಳಲ್ಲಿ ಮಿಶ್ರತಳಿ ಬೇಕೆಂದಿದ್ದರೆ ಜೆರ್ಸಿಯನ್ನು ಮೀರಿ ಹೋಗುವುದು ಬೇಡ. ಯಾವ ವೀರ್ಯವೆಂಬುದನ್ನು ಕೊಳವೆ ಬಿಚ್ಚುವ ಮೊದಲು ಕೇಳಿ ತಿಳಿದುಕೊಳ್ಳುವ ಹಕ್ಕು ಹಸುವಿನ ಯಜಮಾನನಿಗೆ ಇದೆ.