ಗುಂಡಿ ತಿರುಗಿಸಿ ರೇಸ್ ಗೆದ್ದವರಿಲ್ಲ

ಜಯನಗರದಿಂದ ಬಿಟಿಎಂವರೆಗೆ, ಸೋಮವಾರ ಬೆಳಿಗ್ಗೆ ಕಾಫಿ ಹಿಡಿದು ಹಿಂದಿನ ರಾತ್ರಿಯ ಎಫ್1 ಚರ್ಚಿಸುವವರ ಬಾಯಲ್ಲಿ ಒಂದು ಮಾತು ಇನ್ನೂ ಸತ್ತಿಲ್ಲ. ಚಾಲಕ ಹ್ಯಾಮಿಲ್ಟನ್ ಗೆಲುವೆಲ್ಲ ಅವರ ಆಗಿನ ತಂಡ ಮರ್ಸಿಡಿಸ್‌ನ ‘ಪಾರ್ಟಿ ಮೋಡ್’ ಹಾಕಿದ ಭಿಕ್ಷೆಯಂತೆ. ಸ್ಟಿಯರಿಂಗ್ ಮೇಲಿನ ಗುಂಡಿ ತಿರುಗಿಸಿದರೆ ಮುಗಿಯಿತಂತೆ. ಈ ಮಾತಿನ ಪರೀಕ್ಷೆ 2020ರಲ್ಲೇ ಮುಗಿದಿದೆ.

2014ರಿಂದ 2025ರವರೆಗೆ ಎಂಜಿನ್‌ಗೆ ಗಂಟೆಗೆ 100 ಕೆ.ಜಿ.ಗಿಂತ ಹೆಚ್ಚು ಇಂಧನ ಹರಿಯುವಂತಿರಲಿಲ್ಲ. ಯಾವ ಗುಂಡಿಯೂ ಆ ಮಿತಿ ದಾಟಿಸುವಂತಿರಲಿಲ್ಲ. ಪಾರ್ಟಿ ಮೋಡ್‌ನಲ್ಲಿ ಅಷ್ಟೇ ಇಂಧನದಿಂದ ಹೆಚ್ಚು ಶಕ್ತಿ ಹಿಂಡಲು ಕಿಡಿ ಹೊತ್ತುವ ಗಳಿಗೆ, ಟರ್ಬೊ ಒತ್ತಡ, ಬ್ಯಾಟರಿಯ ಬಳಕೆ ಇವನ್ನು ಬದಲಿಸುತ್ತಿದ್ದರು. ಅದರಿಂದ ಸವೆಯುತ್ತಿದ್ದುದು ಎಂಜಿನ್ನಿನ ಆಯಸ್ಸು. 2020ರಲ್ಲಿ ಇಡೀ ವರ್ಷಕ್ಕೆ ಮೂರೇ ಎಂಜಿನ್ ಇದ್ದುದರಿಂದ ಅರ್ಹತಾ ಸುತ್ತಿನ ನಾಲ್ಕಾರು ಲ್ಯಾಪ್‌ಗೆ ಮಾತ್ರ ಈ ದುಂದು ಸಾಧ್ಯವಿತ್ತು.

2020ರ ಸೆಪ್ಟೆಂಬರ್‌ನಲ್ಲಿ, ಇಟಲಿಯ ಮೊಂಝಾ ರೇಸಿನಿಂದ ಆರಂಭಿಸಿ, ಅರ್ಹತಾ ಸುತ್ತಿಗೂ ರೇಸಿಗೂ ಒಂದೇ ಮೋಡ್ ಎಂದು ಎಫ್1 ನಿಯಮ ರೂಪಿಸುವ ಎಫ್‌ಐಎ ಕಟ್ಟುನಿಟ್ಟು ಮಾಡಿತು. ಮರ್ಸಿಡಿಸ್ ಕುಸಿಯಿತೇ? ಅಲ್ಲಿನ ಅರ್ಹತಾ ಸುತ್ತಿನಲ್ಲಿ ಹ್ಯಾಮಿಲ್ಟನ್ 1 ನಿಮಿಷ 18.887 ಸೆಕೆಂಡಿನಲ್ಲಿ, ಸರಾಸರಿ ಗಂಟೆಗೆ 264.362 ಕಿ.ಮೀ. ವೇಗದಲ್ಲಿ, ಅದುವರೆಗಿನ ಎಫ್1 ಇತಿಹಾಸದ ಅತಿ ವೇಗದ ಲ್ಯಾಪ್ ಓಡಿಸಿದರು! ರೇಸ್ ಕೈತಪ್ಪಿತು ನಿಜ, ಎಂಜಿನ್ನಿನಿಂದಲ್ಲ. ಇನ್ನೊಬ್ಬ ಚಾಲಕ ಮ್ಯಾಗ್ನುಸೆನ್ ಕಾರು ಕೆಟ್ಟು ನಿಂತು, ಸೇಫ್ಟಿ ಕಾರ್ ಹೊರಬಂದು, ಪಿಟ್ ಲೇನ್ ಮುಚ್ಚಿದ್ದಾಗ ಹ್ಯಾಮಿಲ್ಟನ್ ಒಳಹೊಕ್ಕರು. 10 ಸೆಕೆಂಡಿನ ಸ್ಟಾಪ್-ಗೋ ದಂಡ, ಕೊನೆಗೆ ಏಳನೇ ಸ್ಥಾನ. ಸೇಫ್ಟಿ ಕಾರ್ ಬರುವ ಮುನ್ನವೇ ಟೈರ್ ಬದಲಿಸಿದ್ದ ಗ್ಯಾಸ್ಲಿ ಗೆದ್ದರು. ಪಿಟ್‌ಗೆ ಯಾವಾಗ ಹೋದರು ಎಂಬುದೇ ಆ ದಿನದ ಕಥೆ.

ನಮ್ಮೂರಿನ ಕುಶ್ ಮೈನಿಯನ್ನೇ ನೋಡಿ. 2025ರ ಮೇನಲ್ಲಿ ಮೊನಾಕೊದಲ್ಲಿ ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2ರ ಸ್ಪ್ರಿಂಟ್ ರೇಸನ್ನು ಗೆದ್ದರು. ಎಫ್2ನಲ್ಲಿ ಎಲ್ಲರ ಕಾರಿಗೂ ಅದೇ ಡಲ್ಲಾರಾ ಚಾಸಿ, ಅದೇ 3.4 ಲೀಟರ್ ಮೆಕಾಕ್ರೋಮ್ ಎಂಜಿನ್. ಬಚ್ಚಿಟ್ಟ ಮೋಡ್ ಹುಡುಕುವವರು ಇಲ್ಲಿ ಏನು ಹೇಳುತ್ತಾರೆ?

ಇಂಥ ಇನ್ನೆರಡು ತಪ್ಪು ನಂಬಿಕೆಗಳಿವೆ. ಪಿಟ್‌ನಲ್ಲಿ ಪೆಟ್ರೋಲ್ ತುಂಬುತ್ತಾರೆ ಎನ್ನುವವರಿಗೆ: ಎಫ್1ನಲ್ಲಿ ಅದು 2010ರಲ್ಲೇ ನಿಂತಿದೆ. ಡಿಆರ್‌ಎಸ್ ಎಂಜಿನ್ನಿಗೆ ಶಕ್ತಿ ತುಂಬುತ್ತಿರಲಿಲ್ಲ, ಹಿಂಬದಿಯ ರೆಕ್ಕೆ ತೆರೆದು ಗಾಳಿಯ ತಡೆ ತಗ್ಗಿಸುತ್ತಿತ್ತು, ಅಷ್ಟೇ.

ಕೇಳಿದ್ದನ್ನೆಲ್ಲ ನಂಬುವ ಈ ಚಾಳಿ ಟಿವಿ ಮುಂದೆಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದೇ ನಂಬಿಕೆಯಲ್ಲಿ ಸಾಮಾನ್ಯ ಸ್ಕೂಟರ್‌ಗೆ 100 ಆಕ್ಟೇನ್ ಪೆಟ್ರೋಲ್ ಹಾಕಿಸುತ್ತಾರೆ. ಆಕ್ಟೇನ್ ಸಂಖ್ಯೆ ಹೇಳುವುದು ಇಂಧನ ಅಕಾಲದಲ್ಲಿ ಹೊತ್ತಿ ಎಂಜಿನ್ ಕುಟ್ಟದಂತೆ ಎಷ್ಟು ತಡೆಯುತ್ತದೆ ಎಂಬುದನ್ನು, ಶಕ್ತಿಯನ್ನಲ್ಲ. 91 ಆಕ್ಟೇನ್‌ಗೆಂದೇ ರೂಪಿಸಿದ ಎಂಜಿನ್ನಿನ ಎಳೆತ ಅದರಿಂದ ಹೆಚ್ಚುವುದಿಲ್ಲ. ಆ ದುಡ್ಡನ್ನು ಉಳಿಸಿ ಸವೆದ ಟೈರ್ ಬದಲಿಸಿದರೆ, ಮಳೆಯಲ್ಲಿ ಬನಶಂಕರಿಯ ಇಳಿಜಾರಿನಲ್ಲಿ ಬ್ರೇಕಾದರೂ ಹಿಡಿದೀತು.