ಬಡವರು ಯಾರೆಂದು ಲೆಕ್ಕ ಹಾಕುವುದು ಹೇಗೆ?

ನಮ್ಮೂರಲ್ಲಿ ಬಡವರು ಯಾರು ಎಂದರೆ ನಾವು ರೇಷನ್ ಕಾರ್ಡ್ ನೋಡುತ್ತೇವೆ. ಆದರೆ ಸರ್ಕಾರದ ವರದಿಯಲ್ಲಿ ಬರುವ ಬಡತನದ ಅಂಕಿ ಕಾರ್ಡಿನ ಲೆಕ್ಕವಲ್ಲ. ಅದು ಸ್ಯಾಂಪಲ್ ಸರ್ವೆಯದು, ಅಂದರೆ ಆಯ್ದ ಕೆಲವು ಮನೆಗಳನ್ನು ವಿಚಾರಿಸಿ ಮಾಡಿದ ಅಂದಾಜು.

ಹಳೆಯ ವಿಧಾನ ಖರ್ಚಿನದು. ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011-12ರಲ್ಲಿ ತಲೆಗೆ ತಿಂಗಳಿಗೆ ಹಳ್ಳಿಯಲ್ಲಿ 816, ಪೇಟೆಯಲ್ಲಿ 1,000 ರೂಪಾಯಿಯೇ ಬಡತನದ ಗೆರೆ. ಹಳ್ಳಿಯಲ್ಲಿ ದಿನಕ್ಕೆ 27 ರೂಪಾಯಿ! ರಂಗರಾಜನ್ ಸಮಿತಿ ಅದನ್ನು 972 ಮತ್ತು 1,407ಕ್ಕೆ ಏರಿಸಿತು. ಅಷ್ಟಕ್ಕೇ ದೇಶದ ಬಡವರು ನೂರಕ್ಕೆ 22 ಇದ್ದವರು ಸುಮಾರು 30 ಆದರು. ಯಾರ ಮನೆಯಲ್ಲೂ ಏನೂ ಬದಲಾಗಿರಲಿಲ್ಲ.

ಈಗ ನೀತಿ ಆಯೋಗದ ಬಹುಆಯಾಮದ ಬಡತನ ಸೂಚ್ಯಂಕವಿದೆ. ಇದು ದುಡ್ಡನ್ನಲ್ಲ, ಕೊರತೆಯನ್ನು ಎಣಿಸುತ್ತದೆ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಮೂರಕ್ಕೂ ಸಮಪಾಲು. ಒಟ್ಟು 21 ಅಂಕ ಎಂದಿಟ್ಟುಕೊಳ್ಳಿ. ಕೊರತೆಯ ಅಂಕ 7 ಮುಟ್ಟಿದರೆ ಅದು ಬಡ ಕುಟುಂಬ.

ನಮ್ಮ ಮನೆ ಯಾವ ಕಡೆ ಎನ್ನುತ್ತೀರಾ? ಕೂಡಿ ನೋಡಿ. ಜೀವನಮಟ್ಟದಲ್ಲಿ ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ಕರೆಂಟು, ಮನೆ, ಸಾಮಾನು, ಬ್ಯಾಂಕ್ ಖಾತೆ ಎಂದು ಏಳು ಅಂಶ. ಇಲ್ಲದ ಅಥವಾ ಸರಿಯಿಲ್ಲದ ಒಂದೊಂದಕ್ಕೂ 1 ಅಂಕ. ಏಳೂ ಇಲ್ಲದಿದ್ದರೆ ಬಡವರು. ಆರು ಇಲ್ಲ, ಜನಧನ್ ಖಾತೆಯೊಂದಿದೆ, ಅದರಲ್ಲಿ ಬಿಡಿಗಾಸೂ ಇಲ್ಲ ಎನ್ನಿ. ಆರೋಗ್ಯ, ಶಿಕ್ಷಣದಲ್ಲಿ ಕೊರತೆ ಇಲ್ಲದಿದ್ದರೆ ಅವರು ಈ ಲೆಕ್ಕದಲ್ಲಿ ಬಡವರಲ್ಲ! ಗೆರೆಯನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕು, ಒಪ್ಪೋಣ. ಆದರೆ ಈ ಸೂಚ್ಯಂಕದಂತೆ ಕರ್ನಾಟಕದ ಬಡತನ 2015-16 ಮತ್ತು 2019-21ರ ಸರ್ವೆಗಳ ನಡುವೆ ಶೇ. 12.77ರಿಂದ 7.58ಕ್ಕೆ ಇಳಿಯಿತು ಎಂದು ಓದುವಾಗ ಇದೂ ತಿಳಿದಿರಲಿ.

ಗೆರೆ ದಾಟಿದವರು ಮತ್ತೆ ಜಾರುವುದೇಕೆ? ಅನಿರುದ್ಧ ಕೃಷ್ಣ ಎಂಬ ಸಂಶೋಧಕರು ರಾಜಸ್ಥಾನ, ಗುಜರಾತ್, ಆಂಧ್ರದ ಹಳ್ಳಿಗಳಲ್ಲಿ ಕಂಡ ದೊಡ್ಡ ಕಾರಣ ಕಾಯಿಲೆ. ದುಡಿಯುವವರು ಹಾಸಿಗೆ ಹಿಡಿದರೆ ಕೂಲಿ ನಿಲ್ಲುತ್ತದೆ, ಆಸ್ಪತ್ರೆ ಬಿಲ್ಲು ಬೆಳೆಯುತ್ತದೆ. ಕೈಸಾಲ ಆಗುತ್ತದೆ, ಒಡವೆ ಅಡವಿಗೆ ಹೋಗುತ್ತದೆ. ಈ ಸಾಲ ಎಷ್ಟಿದೆ ಎಂದು ಸೂಚ್ಯಂಕ ಕೇಳುವುದಿಲ್ಲ. ಹಸು ಮಾರಿದರೆ ಹಾಲಿನ ಬಟವಾಡೆಯೂ ನಿಂತಿತು. ಮಗ ಶಾಲೆ ಬಿಟ್ಟು ಕೂಲಿಗೆ ಹೋದರೆ ಬಡತನ ಮುಂದಿನ ತಲೆಮಾರಿಗೂ ದಾಟಿತು.

ಆದ್ದರಿಂದ ಬಿಪಿಎಲ್ ರೇಷನ್ ಕಾರ್ಡನ್ನು ಅಕ್ಕಿಗಷ್ಟೇ ಎಂದುಕೊಳ್ಳಬೇಡಿ, ಕಾಯಿಲೆ ಬಿದ್ದಾಗಲೂ ಅದು ಬೇಕು. ಇದರ ಮುಖ್ಯ ಷರತ್ತು ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷದೊಳಗಿರುವುದು. ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಣ್ಣ ಶುಲ್ಕಕ್ಕೆ ಸಿಗುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಂಟು. ತುರ್ತು ಪ್ರಕರಣ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಚೀಟಿ, ಅಂದರೆ ಬೇರೆ ಆಸ್ಪತ್ರೆಗೆ ಕಳಿಸುವ ಪತ್ರ, ಬರೆಸಿಕೊಂಡೇ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿ.